ಊರಿಗೆ ಹೊರಡುವ ಮುನ್ನ ಕಾರಿನ ಅಡಿಗೊಮ್ಮೆ ಬಗ್ಗಿ ನೋಡಿ

ಮೇ ತಿಂಗಳ ರಜೆ ಬಂತೆಂದರೆ, ಚೌತಿ ಸಮೀಪಿಸಿತೆಂದರೆ ಡೊಂಬಿವಲಿ, ಕಲ್ಯಾಣ, ಥಾಣೆ, ನವಿಮುಂಬಯಿಯ ತುಳು-ಕನ್ನಡಿಗರಿಗೆ ಊರಿನ ಸೆಳೆತ. ರೈಲಿನ ಟಿಕೆಟ್ ಸಿಗದವರು, ಊರಿನಲ್ಲಿ ಮದುವೆ, ಗೃಹಪ್ರವೇಶವೆಂದು ನಾಲ್ಕು ಕಡೆ ಓಡಾಡಬೇಕಾದವರು ಕಾರಿನಲ್ಲೇ ಹೊರಡುತ್ತಾರೆ. ಕಾರು ತೊಳೆಸಿ, ಹೊಸ ಸೀಟ್ ಕವರ್ ಹಾಕಿಸಿ, ಗಾಳಿ ತುಂಬಿಸಿ, ಚಕ್ರದಡಿ ಲಿಂಬೆಹಣ್ಣು ಇಟ್ಟು ಹೊರಡುವುದು ರೂಢಿ. ಆದರೆ ಮುಂದಿನ ಚಕ್ರದ ಹಿಂದೆ ಬಗ್ಗಿ ನೋಡುವವರು ಬಹಳ ವಿರಳ.

ಅಲ್ಲಿ ಮಡಿಕೆ ಮಡಿಕೆಯಾದ ಕಪ್ಪು ರಬ್ಬರಿನ ಚೀಲವೊಂದಿದೆ. ಗ್ಯಾರೇಜಿನವರು ಅದನ್ನು ಆಕ್ಸಲ್ ಬೂಟ್ ಎನ್ನುತ್ತಾರೆ. ಎಂಜಿನ್‌ನ ಶಕ್ತಿಯನ್ನು ಮುಂದಿನ ಚಕ್ರಗಳಿಗೆ ಒಯ್ಯುವ ಎರಡು ಶಾಫ್ಟ್‌ಗಳಿಗೆ ಒಳಗೊಂದು, ಹೊರಗೊಂದು ಕೀಲು; ಒಟ್ಟು ನಾಲ್ಕು ಕೀಲುಗಳಿಗೆ ನಾಲ್ಕು ಬೂಟ್. ಕೀಲಿನ ಗ್ರೀಸ್ ಹೊರಗೆ ಹೋಗದಂತೆ, ಧೂಳು-ನೀರು ಒಳಗೆ ಬರದಂತೆ ತಡೆಯುವುದೇ ಈ ರಬ್ಬರಿನ ಕೆಲಸ.

ಒಂದು ಕಾಲದಲ್ಲಿ ಈ ಚಿಂತೆ ಇರಲಿಲ್ಲ. ಕುರ್ಲಾದಲ್ಲಿ ತಯಾರಾಗುತ್ತಿದ್ದ ಪ್ರೀಮಿಯರ್ ಪದ್ಮಿನಿ, ಹಳೆಯ ಅಂಬಾಸಿಡರ್‌ಗಳಲ್ಲಿ ಎಂಜಿನ್ ಶಕ್ತಿ ಹಿಂದಿನ ಚಕ್ರಗಳಿಗೆ ಹೋಗುತ್ತಿತ್ತು. 1983ರ ಡಿಸೆಂಬರ್‌ನಲ್ಲಿ ಬಂದ ಮಾರುತಿ 800 ಮುಂದಿನ ಚಕ್ರಗಳಿಂದ ಓಡುವ ಕಾರನ್ನು ಮಧ್ಯಮ ವರ್ಗದ ಮನೆಬಾಗಿಲಿಗೆ ತಂದಿತು. 1990ರ ದಶಕದಲ್ಲಿ ಇಲ್ಲೇ ಕಲ್ಯಾಣದ ಕಾರ್ಖಾನೆಯಲ್ಲಿ ತಯಾರಾದ ಪ್ಯೂಜೋ 309 ಕೂಡ ಅದೇ ಜಾತಿಯದು. ಇಂದು ನಮ್ಮವರ ಬಳಿಯಿರುವ ಸಣ್ಣ ಕಾರುಗಳು ಬಹುಪಾಲು ಇಂಥವೇ. ಕಾರು ಬದಲಾಯಿತು, ನೋಡಿಕೊಳ್ಳುವ ಅಭ್ಯಾಸ ಮಾತ್ರ ಬದಲಾಗಲಿಲ್ಲ ಎಂಬುದು ವಿಷಾದದ ಸಂಗತಿ.

ರಬ್ಬರ್ ವಯಸ್ಸಾಗಿ ಬಿರುಕು ಬಿಡುತ್ತದೆ, ಕಲ್ಲು ತಾಗಿಯೂ ಹರಿಯುತ್ತದೆ. ಸ್ಟೇರಿಂಗ್ ತಿರುಗಿದಾಗಲೆಲ್ಲ ಬಾಗುವ ಹೊರಗಿನ ಬೂಟ್ ಹೆಚ್ಚಾಗಿ ಮೊದಲು ಹೋಗುತ್ತದೆ. ಹರಿದ ಮೇಲೆ ಚಕ್ರ ತಿರುಗಿದಂತೆ ಗ್ರೀಸ್ ಹೊರಗೆ ಸಿಡಿಯುತ್ತದೆ. ಮಳೆಗಾಲದ ಕೆಸರು, ಮರಳು ಒಳಹೊಕ್ಕು ಕೀಲಿನ ಉಕ್ಕಿನ ಗುಂಡುಗಳನ್ನು ಸವೆಸುತ್ತದೆ. ನಮ್ಮ ರಸ್ತೆಗಳ ಸ್ಥಿತಿ ಹೇಳುವುದೇ ಬೇಡ. ಹೊಂಡದಿಂದ ಸಾವು-ನೋವು ಸಂಭವಿಸಿದರೆ ಪರಿಹಾರ ನೀಡಬೇಕೆಂದು ಬಾಂಬೆ ಹೈಕೋರ್ಟ್ 2025ರ ಅಕ್ಟೋಬರ್‌ನಲ್ಲಿ ಆದೇಶಿಸಿದೆ. ಆದರೆ ಹರಿದ ಬೂಟಿಗೆ ಪರಿಹಾರ ಕೊಡುವವರು ಯಾರೂ ಇಲ್ಲ. ಅದು ಮಾಲಕನದೇ ಹೊಣೆ.

ಇಲ್ಲಿ ಎರಡು ತಪ್ಪುಗಳು ನಡೆಯುತ್ತವೆ. ಒಂದು ಮಾಲಕನದು, 'ಊರಿಂದ ಬಂದ ಮೇಲೆ ನೋಡುವ' ಎಂಬ ಉದಾಸೀನ. ಟೇಪ್ ಸುತ್ತಿ, ಸೊಲ್ಯೂಷನ್ ಹಚ್ಚಿ ಹೊರಡುವವರೂ ಇದ್ದಾರೆ. ಗ್ರೀಸ್ ಮೆತ್ತಿದ, ಸದಾ ಬಾಗುವ ರಬ್ಬರಿನ ಮೇಲೆ ಅದು ನಿಲ್ಲುವುದಿಲ್ಲ. ಇನ್ನೊಂದು ಕೆಲವು ಗ್ಯಾರೇಜುಗಳದು. ಬೂಟ್ ಮಾತ್ರ ಹರಿದಿದ್ದರೂ ಇಡೀ ಶಾಫ್ಟ್ ಬದಲಿಸಬೇಕೆಂದು ಹೆದರಿಸುವುದು. ಇವೆರಡರ ನಡುವಿನ ಸತ್ಯ ಸರಳವಾಗಿದೆ. ಶಬ್ದವಿಲ್ಲದೆ, ಕೀಲಿನಲ್ಲಿ ಸಡಿಲವಿಲ್ಲದೆ, ಹರಿದದ್ದು ಬೇಗ ಕಣ್ಣಿಗೆ ಬಿದ್ದರೆ ಕೀಲನ್ನು ಬಿಚ್ಚಿ ತೊಳೆದು ಹೊಸ ಗ್ರೀಸ್, ಹೊಸ ಬೂಟ್, ಹೊಸ ಪಟ್ಟಿ ಹಾಕಿದರೆ ಸಾಕು. ಸ್ಟೇರಿಂಗ್ ಪೂರ್ತಿ ತಿರುಗಿಸಿ ನಿಧಾನ ಓಡಿಸುವಾಗ ಟಕ್‌ಟಕ್ ಶಬ್ದ ಬಂದರೆ ಕೀಲು ಸವೆದಿದೆ ಎಂದರ್ಥ. ಆಗ ಬರೀ ಬೂಟ್ ಹಾಕಿಸುವುದು ಹಣ ದಂಡ. ಯಾವುದೇ ಆದರೂ ಬಿಚ್ಚಿದ ಹಳೆಯ ಭಾಗವನ್ನು ಕೇಳಿ ನೋಡುವುದು ಗ್ರಾಹಕನ ಹಕ್ಕು.

ರಬ್ಬರಿನ ಬೆಲೆ ನೂರರ ಲೆಕ್ಕದಲ್ಲಿ, ಶಾಫ್ಟಿನದು ಸಾವಿರದ ಲೆಕ್ಕದಲ್ಲಿ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಎತ್ತಿಕೊಳ್ಳುವುದೆಂದರೆ ಇದೇ. ಆದರೆ ಇದು ಬರೀ ಹಣದ ಮಾತಲ್ಲ. ಡೊಂಬಿವಲಿಯಿಂದ ಪನ್ವೇಲ್, ಮಹಾಡ್, ಚಿಪಳೂಣ್, ಕಾರವಾರವಾಗಿ ಉಡುಪಿಗೆ ಎಂಟು ನೂರು ಕಿಲೋಮೀಟರಿಗೂ ಹೆಚ್ಚಿನ ದಾರಿ. ಕೀಲು ಪೂರ್ತಿ ಮುರಿದರೆ ಎಂಜಿನ್ ಓಡುತ್ತಿದ್ದರೂ ಕಾರು ಮುಂದೆ ಹೋಗದು. ಸುರಿಯುವ ಮಳೆಯಲ್ಲಿ, ನಡುರಾತ್ರಿ ಪರಶುರಾಮ ಘಾಟಿಯ ತಿರುವಿನಲ್ಲಿ, ಹಿಂದಿನ ಸೀಟಿನಲ್ಲಿ ವೃದ್ಧ ತಾಯಿ, ಮಡಿಲಲ್ಲಿ ಮಗು ಇರುವಾಗ ಹಾಗಾದರೆ ಗತಿಯೇನು?

ನಮ್ಮ ಸಂಘ-ಸಂಸ್ಥೆಗಳು ಆರೋಗ್ಯ ತಪಾಸಣೆ, ರಕ್ತದಾನ ಶಿಬಿರ, ಪುಸ್ತಕ ವಿತರಣೆಗಳನ್ನು ಶ್ಲಾಘನೀಯವಾಗಿ ನಡೆಸುತ್ತಿವೆ. ಅದರ ಜತೆಗೆ ಎಪ್ರಿಲ್‌ನಲ್ಲೊಂದು, ಚೌತಿಗೆ ಮುನ್ನ ಒಂದು ರವಿವಾರ ವಾಹನ ತಪಾಸಣೆಯನ್ನೂ ಏರ್ಪಡಿಸಬಾರದೇಕೆ? ನಮ್ಮವರಲ್ಲೇ ನುರಿತ ಮೆಕ್ಯಾನಿಕ್‌ಗಳಿದ್ದಾರೆ. ಒಂದು ಟಾರ್ಚ್, ಹತ್ತು ನಿಮಿಷ ಸಾಕು. ಚಕ್ರದ ಒಳಮೈಯಲ್ಲಿ ಗ್ರೀಸ್ ಸಿಡಿದಿದೆಯೇ, ಬೂಟಿನ ಮಡಿಕೆಯಲ್ಲಿ ಬಿರುಕಿದೆಯೇ, ಪಟ್ಟಿ ಬಿಗಿಯಾಗಿದೆಯೇ ಎಂದು ನೋಡಿದರಾಯಿತು. ವೇದಿಕೆ, ಹಾರ-ಶಾಲಿನ ಖರ್ಚೂ ಇಲ್ಲ.

ಚಕ್ರದಡಿ ಲಿಂಬೆಹಣ್ಣು ಅವಶ್ಯ ಇಡೋಣ. ಅದನ್ನಿಡಲು ಹೇಗೂ ಬಗ್ಗಲೇಬೇಕು. ಆಗ ಒಂದು ಕ್ಷಣ ಚಕ್ರದ ಹಿಂದೆಯೂ ಕಣ್ಣು ಹಾಯಿಸಿದರೆ, ಊರಿನಲ್ಲಿ ದಾರಿ ಕಾಯುತ್ತಿರುವವರ ಆತಂಕ ಎಷ್ಟೋ ಕಡಿಮೆಯಾದೀತು.