ಕೆಸರುಗದ್ದೆಯಲ್ಲಿ ಸೈಕಲ್ಲಿಗೂ ಒಂದು ಜಾಗ ಇರಲಿ

ಮಳೆಗಾಲದಲ್ಲಿ ಸಾಸ್ತಾನದಿಂದ ಹಂಗಾರಕಟ್ಟೆಗೆ ಬರುವ ದಾರಿಯಲ್ಲಿ ನಾವು ಆಗಾಗ ಕಾಣುವ ನೋಟವಿದು. ಶಾಲೆ ಬಿಟ್ಟು ಬರುವ ಇಬ್ಬರು ಹುಡುಗರು ಡಾಂಬರು ರಸ್ತೆ ಬಿಟ್ಟು ಗದ್ದೆ ಬದಿಯ ಮಣ್ಣಿನ ದಾರಿಗೆ ಸೈಕಲ್ ಇಳಿಸುತ್ತಾರೆ. ಕೆಸರಿನಲ್ಲಿ ಚಕ್ರ ಹೂತರೆ ಇಳಿದು ತಳ್ಳುತ್ತಾರೆ. ತೋಡಿನ ಸಂಕ ಬಂದರೆ ಸೈಕಲ್ಲನ್ನು ಹೆಗಲಿಗೇರಿಸಿ ದಾಟುತ್ತಾರೆ. "ಇವತ್ತ್ ನಿನ್ನ ಬಿಡೂದಿಲ್ಲೆ, ಕಾಣ್!" ಎಂದು ಒಬ್ಬ ಕೂಗಿದರೆ ಇನ್ನೊಬ್ಬ ನಗುತ್ತಲೇ ಮುಂದೆ ಹೋಗುತ್ತಾನೆ. ಮನೆಯಲ್ಲಿ ಇಬ್ಬರಿಗೂ ಬೈಗುಳ ಖಂಡಿತ.

ಯುರೋಪಿನಲ್ಲಿ ಇದೇ ಆಟಕ್ಕೆ ಸೈಕ್ಲೋಕ್ರಾಸ್ ಎಂಬ ಹೆಸರಿದೆ. ಫ್ರಾನ್ಸಿನಲ್ಲಿ 1902ರಲ್ಲೇ ಇದರ ರಾಷ್ಟ್ರೀಯ ಸ್ಪರ್ಧೆ ನಡೆದಿತ್ತು. 1950ರಲ್ಲಿ ವಿಶ್ವ ಚಾಂಪಿಯನ್‌ಶಿಪ್ ಶುರುವಾಯಿತು. ಕೆಸರು, ಮರಳು, ಏರು, ಅಡ್ಡ ಹಲಗೆ ಇರುವ ಸಣ್ಣ ಸುತ್ತನ್ನು ಮತ್ತೆ ಮತ್ತೆ ಸುತ್ತಬೇಕು. ದೊಡ್ಡವರ ಸ್ಪರ್ಧೆ ಸುಮಾರು ಒಂದು ಗಂಟೆ. ತುಳಿಯಲು ಆಗದ ಕಡೆ ಸೈಕಲ್ ಹೊತ್ತು ಓಡುವುದೂ ಆಟದ ಭಾಗವೇ. ನಮ್ಮ ಹುಡುಗರು ಯಾರೂ ಹೇಳಿಕೊಡದೆ ಕಲಿತದ್ದು ಇದನ್ನೇ.

ಹಾಗಾಗಿ ನಮ್ಮದೊಂದು ಮಾತು. ಆಸಾಡಿಯ ಹೊತ್ತಿಗೆ ನಮ್ಮೂರುಗಳಲ್ಲಿ ಕೆಸರುಗದ್ದೆ ಕ್ರೀಡಾಕೂಟಗಳು ನಡೆಯುತ್ತವೆ. ಓಟ, ಹಗ್ಗಜಗ್ಗಾಟ, ವಾಲಿಬಾಲ್ ಎಲ್ಲವೂ ಇರುತ್ತವೆ. ಅದರಲ್ಲಿ ಸೈಕಲ್ಲಿಗೂ ಅರ್ಧ ಗಂಟೆ ಕೊಡಿ. ನಾಟಿಯಾದ ಗದ್ದೆ ಬೇಡ. ಐರೋಡಿ, ಬಾಳ್ಕುದ್ರು, ಪಾಂಡೇಶ್ವರದ ಸುತ್ತ ಹಡಿಲು ಬಿದ್ದ ಗದ್ದೆಯಿದ್ದರೆ ಮಾಲೀಕರನ್ನು ಕೇಳಿ ಬಳಸಬಹುದು. ದುಬಾರಿ ಸೈಕಲ್ಲೂ ಬೇಡ, ಬ್ರೇಕ್ ಸರಿಯಿರುವ ಶಾಲೆಯ ಸೈಕಲ್ ಸಾಕು. ಹುಡುಗಿಯರಿಗೂ ಪ್ರತ್ಯೇಕ ಸುತ್ತು ಇರಲೇಬೇಕು.

"ಇದೆಂಥ ಹುಚ್ಚು" ಎನ್ನುವವರು ಇರಬಹುದು. ನಮ್ಮ ಕಾರಣ ಆಟಕ್ಕಿಂತ ದೊಡ್ಡದು.

2006-07ರಿಂದ ರಾಜ್ಯ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡುತ್ತಿತ್ತು. ನಮ್ಮಲ್ಲಿ ಹಲವರು ಹೈಸ್ಕೂಲಿಗೆ ಹೋದದ್ದು ಅದೇ ಸೈಕಲ್ಲಿನಲ್ಲಿ. ಕೋವಿಡ್ ಸಮಯದಲ್ಲಿ ಆ ವಿತರಣೆ ನಿಂತಿತು. ಹಳೆಯವು ಕೊಟ್ಟಿಗೆಯಲ್ಲಿ ತುಕ್ಕು ಹಿಡಿಯುತ್ತಿವೆ. ಈಗ ಹದಿನೈದು ಹದಿನಾರರ ಹುಡುಗರ ಕೈಗೆ ನೇರ ಅಣ್ಣನ ಬೈಕ್ ಬರುತ್ತದೆ. ಹತ್ತಿರದಲ್ಲೇ ರಾಷ್ಟ್ರೀಯ ಹೆದ್ದಾರಿ 66. ಆ ಪ್ರಾಯದಲ್ಲಿ ಪೈಪೋಟಿ ಇದ್ದೇ ಇರುತ್ತದೆ. ನಾವು ಅದಕ್ಕೊಂದು ಗದ್ದೆ ಕೊಡದಿದ್ದರೆ ಅದು ಹೆದ್ದಾರಿಗೆ ಹೋಗುತ್ತದೆ. ಗದ್ದೆಯಲ್ಲಿ ಬಿದ್ದವನು ಮೈಯೆಲ್ಲ ಕೆಸರಾಗಿ ಏಳುತ್ತಾನೆ. ಹೆದ್ದಾರಿಯಲ್ಲಿ ಬಿದ್ದವನು ಏಳುತ್ತಾನೆಂಬ ಭರವಸೆಯಿಲ್ಲ. ಅಪ್ರಾಪ್ತರ ಕೈಗೆ ವಾಹನ ಕೊಟ್ಟ ಪೋಷಕರಿಗೆ 2019ರ ತಿದ್ದುಪಡಿಯಂತೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು ಇದೆ. ಆದರೆ ದಂಡದ ಹೆದರಿಕೆಯೊಂದರಿಂದಲೇ ಮಕ್ಕಳ ಮನಸ್ಸು ತಿರುಗುವುದಿಲ್ಲ. ಬೇರೆ ದಾರಿ ತೋರಿಸಬೇಕು.

ಪೈಪೋಟಿ ಎಂದರೆ ಜಗಳವೇ ಆಗಬೇಕೆಂದಿಲ್ಲ. ಬೆಲ್ಜಿಯಂನ ವೌಟ್ ವಾನ್ ಆರ್ಟ್, ನೆದರ್‌ಲ್ಯಾಂಡ್ಸ್‌ನ ಮ್ಯಾಥ್ಯೂ ವಾನ್ ಡರ್ ಪೋಲ್ ಇಬ್ಬರೂ ಹೆಚ್ಚುಕಡಿಮೆ ಒಂದೇ ಪ್ರಾಯದವರು. 2015ರಿಂದ 2021ರವರೆಗೆ ಏಳು ವರ್ಷ ಸೈಕ್ಲೋಕ್ರಾಸ್ ವಿಶ್ವ ಪಟ್ಟ ಈ ಇಬ್ಬರನ್ನು ಬಿಟ್ಟು ಬೇರೆಯವರಿಗೆ ಹೋಗಲಿಲ್ಲ. ಒಬ್ಬ ಇಲ್ಲದಿದ್ದರೆ ಇನ್ನೊಬ್ಬ ಅಷ್ಟು ಬೆಳೆಯುತ್ತಿದ್ದನೇ ಎಂಬುದು ನಮ್ಮ ಅನುಮಾನ. ದೂರದ ಉದಾಹರಣೆ ಯಾಕೆ, ನಮ್ಮ ಕಂಬಳದ ಗದ್ದೆಗೆ ಹೋಗಿ ನೋಡಿ. ಕೋಣ ಓಡುವಾಗ ಎದುರಾಳಿಗಳು, ಓಟ ಮುಗಿದ ಮೇಲೆ ಒಂದೇ ಮರದಡಿ ಚಾ ಕುಡಿಯುವವರು.

ನಮ್ಮದು ಎರಡೇ ಷರತ್ತು. ಮೊದಲನೆಯದು, ನಗದು ಬಹುಮಾನ ಬೇಡ. ದುಡ್ಡು ಬಂದಲ್ಲಿ ತಕರಾರು ಬರುತ್ತದೆ. ಗೆದ್ದವರಿಗೂ ಸೋತವರಿಗೂ ಹೊಸ ಟಯರ್, ಟ್ಯೂಬ್ ಕೊಡಿ. ಎರಡನೆಯದು, ಜಾಗ್ರತೆ. ತಲೆಗೆ ಹೆಲ್ಮೆಟ್ ಇರಲಿ. ಗದ್ದೆಯಲ್ಲಿ ಗಾಜು, ಕಲ್ಲು ಇದೆಯೇ ಎಂದು ಮೊದಲೇ ನೋಡಿ. ಮಳೆಗಾಲದ ಕೆಸರಿನಲ್ಲಿ ಇಲಿಜ್ವರದ ಅಪಾಯ ಇರುವುದರಿಂದ ಕಾಲಿಗೆ ಗಾಯವಿದ್ದವರನ್ನು ಇಳಿಸಬೇಡಿ. ಆಟ ಮುಗಿದ ಕೂಡಲೇ ಸಾಬೂನು ಹಾಕಿ ತೊಳೆಸಿ. ಆಮೇಲೆ ಯಾರಿಗಾದರೂ ಜ್ವರ ಬಂದರೆ ತಡಮಾಡದೆ ಡಾಕ್ಟರಿಗೆ ತೋರಿಸಿ.

ವಿಜಯಪುರ, ಬಾಗಲಕೋಟೆ ಕಡೆಯ ಹಳ್ಳಿ ಮಕ್ಕಳು ಸೈಕಲ್ ತುಳಿದು ರಾಷ್ಟ್ರಮಟ್ಟದ ಪದಕ ತಂದಿದ್ದಾರೆ. ಅಲ್ಲಿ ಒಣನೆಲ, ಇಲ್ಲಿ ಕೆಸರು. ನಮ್ಮ ಮಕ್ಕಳು ಪದಕ ತರದಿದ್ದರೂ ಚಿಂತೆಯಿಲ್ಲ. ಸಂಜೆ ಮೈತುಂಬ ಕೆಸರಾಗಿ, ನಾಳೆ ಗೆಲ್ಲುತ್ತೇನೆ ಎನ್ನುತ್ತಾ ಮನೆಗೆ ಬಂದರೆ ಸಾಕು. ನಿಮ್ಮೂರ ಯುವಕ ಮಂಡಲದ ಮುಂದಿನ ಸಭೆಯಲ್ಲಿ ಈ ಮಾತು ಒಮ್ಮೆ ಎತ್ತಿ. ಸುತ್ತು ಗುರುತು ಹಾಕುವ ಕೆಲಸಕ್ಕೆ ನಾವೂ ಬರುತ್ತೇವೆ.