ಬೆಂಗಳೂರಿಗೆ ಒಂದೇ ಗಂಟೆಯಂತೆ! ಎಲ್ಲಿಂದ, ಎಲ್ಲಿಗೆ?

'ಬೆಂಗಳೂರಿಗೆ ಬರೇ ಒಂದು ಗಂಟೆ ಮಾರಾಯ್ರೆ!' ವಿಮಾನದಲ್ಲಿ ಹೋಗಿ ಬಂದವರು ಹಂಪನಕಟ್ಟೆಯಲ್ಲಿ ನಿಂತು ಹೀಗೆ ಹೇಳಿದರೆ, ರಾತ್ರಿ ಬಸ್ಸಿನಲ್ಲಿ ಸೊಂಟ ನೋಯಿಸಿಕೊಂಡು ಬಂದವನ ಹೊಟ್ಟೆ ಉರಿಯದೆ ಇದ್ದೀತೆ? ಟಿಕೆಟಿನಲ್ಲಿ ಅಚ್ಚಾಗಿರುವುದೂ ಅಷ್ಟೆ, ಒಂದು ಗಂಟೆ, ಹೆಚ್ಚೆಂದರೆ ಹತ್ತು ನಿಮಿಷ ಜಾಸ್ತಿ. ಸುಳ್ಳಲ್ಲ. ಆದರೆ ಅದು ಬಜ್ಪೆಯ ಗುಡ್ಡದಿಂದ ದೇವನಹಳ್ಳಿಯ ಬಯಲಿಗೆ. ಹಂಪನಕಟ್ಟೆಯಿಂದ ಚಿಕ್ಕಪೇಟೆಗೆ ಅಲ್ಲ.

ಎರಡು ನಿಲ್ದಾಣಗಳ ನಡುವೆ ನೇರ ಗೆರೆ ಎಳೆದರೆ ಸುಮಾರು 305 ಕಿ.ಮೀ. ಶಿರಾಡಿ ಘಾಟಿ ಹತ್ತಿ ಹಾಸನದ ಮೇಲೆ ಹೋದರೆ ಊರಿಂದೂರಿಗೆ 350ರ ಆಸುಪಾಸು. ದೂರದಲ್ಲಿ ಉಳಿತಾಯ ಅಷ್ಟಕ್ಕಷ್ಟೆ, ಉಳಿಯುವುದೆಲ್ಲ ವೇಗದಿಂದ. ಆ ವೇಗವೂ ಪೂರ್ತಿ ದಕ್ಕುವುದಿಲ್ಲ. ಗಂಟೆಗೆ 800 ಕಿ.ಮೀ. ಹಾರಬಲ್ಲ ಜೆಟ್ ಇಷ್ಟು ದೂರವನ್ನು 23 ನಿಮಿಷದಲ್ಲಿ ಮುಗಿಸಬೇಕಿತ್ತು. ಎಲ್ಲಿ ಮುಗಿಸುತ್ತದೆ? ಮೇಲೇರಿ ಸುಧಾರಿಸಿಕೊಳ್ಳುವುದರೊಳಗೆ ಇಳಿಯುವ ಹೊತ್ತು. ಗಾಳಿ ನೋಡಿ ಸಮುದ್ರದ ಕಡೆಗೆ ಏರಿದರೆ ಸುತ್ತು ಹಾಕಿ ಪೂರ್ವಕ್ಕೆ ತಿರುಗಬೇಕು. ನಿಂತ ಜಾಗ ಬಿಟ್ಟು ರನ್‌ವೇವರೆಗೆ ತೆವಳುವ ನಿಮಿಷಗಳೂ ಆ ಒಂದು ಗಂಟೆಯ ಲೆಕ್ಕದಲ್ಲೇ.

2008ರ ಮೇ ತಿಂಗಳವರೆಗೆ ವಿಮಾನ ಇಳಿಯುತ್ತಿದ್ದುದು ಬೆಂಗಳೂರಿನ ಎಚ್‌ಎಎಲ್ ನಿಲ್ದಾಣದಲ್ಲಿ. ಆಮೇಲೆ ದೇವನಹಳ್ಳಿಗೆ ಹೋಯಿತು. ಆಕಾಶದಲ್ಲಿ ದೂರ ಬೆಳೆದದ್ದು ನಾಲ್ಕೈದು ಕಿ.ಮೀ. ಮಾತ್ರ. ನೆಲದಲ್ಲಿ? ಮೆಜೆಸ್ಟಿಕ್ಕಿಗೆ ಸುಮಾರು 35 ಕಿ.ಮೀ., ಅದೂ ಹೆಬ್ಬಾಳದ ವಾಹನಗಳ ಸಾಲು ದಾಟಿಕೊಂಡು. ಟಿಕೆಟಿಗೆ ಇದರ ಸುದ್ದಿಯೇ ಇಲ್ಲ.

ಚಿಕ್ಕಪೇಟೆಗೆ ಬಟ್ಟೆ ಖರೀದಿಗೆ ಹೊರಟ ಜವಳಿ ಅಂಗಡಿಯವರ ಲೆಕ್ಕ ನೋಡಿ. ಬಜ್ಪೆಗೆ ಮುಕ್ಕಾಲು ಗಂಟೆ. ಒಂದೂವರೆ ಗಂಟೆ ಮೊದಲೇ ಅಲ್ಲಿರಬೇಕು, ತಪಾಸಣೆ, ಸರತಿ ಎಲ್ಲ ಉಂಟಲ್ಲ. ಹಾರಾಟ ಒಂದು ಗಂಟೆ. ಪೆಟ್ಟಿಗೆ ಬರುವಷ್ಟರಲ್ಲಿ ಅರ್ಧ ಗಂಟೆ. ಪೇಟೆ ಸೇರಲು ಮತ್ತೆ ಒಂದೂವರೆ. ಐದು ಗಂಟೆ ದಾಟಿತು! ಅದೂ ಹಗಲಿನ ಐದು ಗಂಟೆ, ವ್ಯಾಪಾರದ ಹೊತ್ತು. ಬಸ್ಸಿನವನು ರಾತ್ರಿ ಕದ ಎಳೆದು, ಊಟ ಮುಗಿಸಿ ಹತ್ತಿದರೆ ಏಳೆಂಟು ಗಂಟೆಯಲ್ಲಿ ಮೆಜೆಸ್ಟಿಕ್. ಕಳೆದುಕೊಂಡದ್ದು ನಿದ್ದೆ ಮಾತ್ರ. ಕೋರ್ಟು ಕೆಲಸ, ಕಾಯಿಲೆ ಎಂದು ಹೊರಟವರ ಮಾತು ಬೇರೆ. ಅವರಿಗೆ ಎರಡು ಗಂಟೆ ಉಳಿದರೂ ಲಾಭವೇ.

ಊರಿನ ಸಭೆಗಳಲ್ಲಿ ಮಾತ್ರ ಬೇಡಿಕೆ ಒಂದೇ: ಇನ್ನೊಂದು ವಿಮಾನ ಬರಲಿ. ಬರಲಿ, ಬೇಡ ಎಂದವರು ಯಾರು? ಆದರೆ ಐದರಲ್ಲಿ ನಾಲ್ಕು ಗಂಟೆ ಹೋಗುವುದು ನೆಲದ ಮೇಲೆ. ಬೆಂಗಳೂರಿನಲ್ಲಾದರೆ ಪೇಟೆಗೆ ಕರೆದೊಯ್ಯಲು ವಾಯುವಜ್ರ ಬಸ್ಸು ಉಂಟು. ಸ್ಟೇಟ್‌ಬ್ಯಾಂಕಿನಿಂದ ಬಜ್ಪೆಗೂ ಹಾಗೆಯೇ, ಮುಂಜಾನೆಯ ಮೊದಲ ವಿಮಾನದಿಂದ ರಾತ್ರಿಯ ಕೊನೆಯ ವಿಮಾನದವರೆಗೆ ಹೊತ್ತು ಹೊಂದಿಸಿಕೊಂಡು ಬಸ್ಸು ಓಡಬೇಕು. ಕೇಳುವುದಾದರೆ ಮೊದಲು ಇದನ್ನು ಕೇಳಲಿ.

ಆಮೇಲೆ ಶಿರಾಡಿ. 2018ರ ಮಳೆಗಾಲದಲ್ಲಿ ಗುಡ್ಡ ಜರಿದು ಘಾಟಿ ಮುಚ್ಚಿತ್ತು, 2024ರ ಜುಲೈಯಲ್ಲೂ ಜರಿಯಿತು. ಅಂಥ ದಿನ ವಿಮಾನದವರಿಗೆ ಏನೂ ತಟ್ಟುವುದಿಲ್ಲ. ಬಸ್ಸಿನವರು ಬೇರೆ ಘಾಟಿ ಸುತ್ತಬೇಕು, ಇಲ್ಲವೇ ನಡುರಾತ್ರಿ ದಾರಿಯಲ್ಲೇ ಕೂರಬೇಕು. ಒಂದೊಂದು ಬಸ್ಸಿನಲ್ಲಿ ನಲವತ್ತು ಜನ, ಅಂಥ ಬಸ್ಸು ಸಾಲು ಸಾಲು.