ಓದಿಗೂ ಪ್ರಶ್ನೆಪತ್ರಿಕೆ ಬೇಕೆ?

ನಿವೃತ್ತನಾದ ಮೇಲೆ ದೊರೆತ ಬಿಡುವಿನಲ್ಲಿ ಓದು ನನಗೆ ನಿತ್ಯದ ಊಟದಷ್ಟೇ ಸಹಜವಾಗಿಬಿಟ್ಟಿದೆ. ಇತ್ತೀಚಿನ ತಿಂಗಳುಗಳಲ್ಲಿ ಮೂರು ಪುಸ್ತಕಗಳನ್ನು ನಿಧಾನವಾಗಿ ಓದಿದೆ. ಎರಡು ಹಳೆಯವು, ಈಗ ಮರು ಓದಿದವು; ಮೂರನೆಯದು ಈಚೆಗೆ ಹೆಚ್ಚು ಸುದ್ದಿಯಾದ ಲೇಖಕಿಯೊಬ್ಬರ ಕಥೆಗಳು. ಅವುಗಳ ವಿಚಾರವನ್ನು ಹೇಳುತ್ತಲೇ, ಬಹುಕಾಲದಿಂದ ಮನಸ್ಸಿನಲ್ಲಿರುವ ಒಂದು ಅಭಿಪ್ರಾಯವನ್ನೂ ಓದುಗ ಮಿತ್ರರ ಮುಂದಿಡುತ್ತೇನೆ. ಒಪ್ಪುವುದೂ ಬಿಡುವುದೂ ನಿಮಗೆ ಸೇರಿದ್ದು.

ಮೊದಲನೆಯದು ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’. 1941ರಲ್ಲಿ ಪ್ರಕಟವಾದ ಈ ಕಾದಂಬರಿಯು ಕರಾವಳಿಯ ಕೋಡಿ ಎಂಬ ಹಳ್ಳಿಯ ಒಂದು ಮನೆತನದ ಮೂರು ತಲೆಮಾರುಗಳ ಕಥೆ. ಕಾಲೇಜಿನ ದಿನಗಳಲ್ಲಿ ಓದಿದಾಗ ನನ್ನ ಕಣ್ಣೆಲ್ಲ ದಾರಿ ತಪ್ಪಿದ ಲಚ್ಚನ ಮೇಲೂ, ಕೊನೆಗೆ ಮಣ್ಣಿಗೆ ಮರಳುವ ಅವನ ಮಗ ರಾಮನ ಮೇಲೂ ಇತ್ತು. ಈಗ ಓದಿದಾಗ ಮನಸ್ಸನ್ನು ಹಿಡಿದು ನಿಲ್ಲಿಸಿದವರು ಮನೆಯ ಹೆಂಗಸರು. ರಾಮ ಐತಾಳರ ಹೆಂಡತಿ ಪಾರೋತಿ, ಅವರ ಸೋದರಿ ಸರಸೋತಿ, ಅನಂತರ ಸೊಸೆಯಾಗಿ ಬಂದ ನಾಗವೇಣಿ. ಇವರ ದುಡಿಮೆಯಿಲ್ಲದಿದ್ದರೆ ಆ ಮನೆ ಒಂದು ಮಳೆಗಾಲವನ್ನೂ ದಾಟುತ್ತಿರಲಿಲ್ಲ. ಪುಸ್ತಕದ ಒಂದಕ್ಷರವೂ ಬದಲಾಗಿಲ್ಲ; ಬದಲಾದದ್ದು ನನ್ನ ವಯಸ್ಸು.

ಎರಡನೆಯದು ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೋ’. 1980ರ ಈ ಕಿರು ಕಾದಂಬರಿಯಲ್ಲಿ ವಿಜ್ಞಾನಿ ಕರ್ವಾಲೋ, ಹಳ್ಳಿಯ ಮಂದಣ್ಣ, ಬಿರಿಯಾನಿ ಕರಿಯಪ್ಪ, ನಿರೂಪಕನ ನಾಯಿ ಕಿವಿ ಎಲ್ಲರೂ ಸೇರಿ ಹಾರುವ ಓತಿಯೊಂದನ್ನು ಹುಡುಕುತ್ತಾ ಕಾಡು ಹೊಗುತ್ತಾರೆ. ಊರಿನವರ ಕಣ್ಣಿಗೆ ಯಾವುದಕ್ಕೂ ಬಾರದವನಾದ ಮಂದಣ್ಣನಲ್ಲಿ ವಿಜ್ಞಾನಿಯೊಬ್ಬರು ಅಪೂರ್ವವಾದ ನಿಸರ್ಗಜ್ಞಾನವನ್ನು ಕಾಣುತ್ತಾರೆ. ಅಧ್ಯಾಪಕರಾದವರೆಲ್ಲರೂ ವರ್ಷಕ್ಕೊಮ್ಮೆ ಓದಬೇಕಾದ ಪುಸ್ತಕವಿದು. ನಮ್ಮ ಹಿಂದಿನ ಬೆಂಚುಗಳಲ್ಲಿ ಎಷ್ಟು ಮಂದಿ ಮಂದಣ್ಣರು ಕುಳಿತಿದ್ದರೋ!

ಮೂರನೆಯದು ಬಾನು ಮುಷ್ತಾಕ್ ಅವರ ಕಥೆಗಳು. ದೀಪಾ ಭಾಸ್ತಿಯವರು ‘ಹಾರ್ಟ್ ಲ್ಯಾಂಪ್’ ಎಂಬ ಹೆಸರಿನಲ್ಲಿ ಇಂಗ್ಲಿಷಿಗೆ ತಂದ ಅವರ ಹನ್ನೆರಡು ಕಥೆಗಳಿಗೆ 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಿತು. ಕನ್ನಡಕ್ಕೆ ಆ ಗೌರವ ದೊರೆತದ್ದು ಅದೇ ಮೊದಲು. ಸಣ್ಣಕಥೆಗಳ ಸಂಕಲನವೊಂದಕ್ಕೆ ಅದು ಸಂದದ್ದೂ ಮೊದಲು. ‘ಎದೆಯ ಹಣತೆ’ ಕಥೆಯ ಮೆಹರುನ್ ಬದುಕೇ ಬೇಡವೆಂದು ಹೊರಟಾಗ ತಡೆದು ನಿಲ್ಲಿಸುವವಳು ಅವಳ ಮಗಳು ಸಲ್ಮಾ. ಅದನ್ನು ಓದಿ ಮುಗಿಸಿದ ಮೇಲೆ ಮುಂದಿನ ಕಥೆಗೆ ಹೋಗಲು ನನಗೆ ಒಂದು ದಿನವೇ ಬೇಕಾಯಿತು.

ಇಷ್ಟನ್ನು ಹೇಳಿದ್ದಕ್ಕೆ ಕಾರಣವಿದೆ. ಈ ಮೂರು ಪುಸ್ತಕಗಳಲ್ಲಿ ಯಾವುದರಿಂದಲೂ ಒಂದು ಸಾಲಿನ ನೀತಿಯನ್ನು ಹಿಂಡಿ ತೆಗೆಯಲಾಗದು. ಆದರೆ ನಮ್ಮ ಶಾಲೆಗಳಲ್ಲಿ ಕಥೆ ಮುಗಿಯುತ್ತಿದ್ದಂತೆಯೇ ಮಗುವಿನ ಮುಂದೆ ಬಂದು ನಿಲ್ಲುವುದು ‘ಇದರಿಂದ ತಿಳಿಯುವ ನೀತಿ ಏನು?’, ‘ಸಾರಾಂಶವನ್ನು ಹತ್ತು ವಾಕ್ಯಗಳಲ್ಲಿ ಬರೆಯಿರಿ’ ಎಂಬ ಪ್ರಶ್ನೆ. ಸಾರಾಂಶವು ಗೈಡಿನಲ್ಲಿ ಸಿದ್ಧವಾಗಿ ಸಿಗುತ್ತದೆ. ಕಥೆಯನ್ನು ಓದುವ ಅಗತ್ಯವೇ ಇರುವುದಿಲ್ಲ. ನನ್ನ ತರಗತಿಯಲ್ಲಿ ಕನ್ನಡದಲ್ಲಿ ಪಾಸಾಗಲು ಏದುಸಿರು ಬಿಡುತ್ತಿದ್ದ ಹುಡುಗನೊಬ್ಬ ಬೆಂಚಿನ ಕೆಳಗೆ ಪತ್ತೇದಾರಿ ಕಾದಂಬರಿಯನ್ನು ಇಟ್ಟುಕೊಂಡು ಬೆಲ್ಲು ಹೊಡೆದದ್ದೂ ತಿಳಿಯದಂತೆ ಓದುತ್ತಿದ್ದನು. ಅವನಿಗೆ ಓದು ಬರುತ್ತಿರಲಿಲ್ಲವೆಂದು ಹೇಳಲಾದೀತೇ?

ಓದುವ ಹವ್ಯಾಸ ಕೆಟ್ಟದ್ದು ಮೊಬೈಲಿನಿಂದ ಎಂಬುದು ಈಗ ಸಾಮಾನ್ಯವಾಗಿ ಕೇಳಿಬರುವ ಮಾತು. ಅದರಲ್ಲಿ ಸತ್ಯಾಂಶವಿಲ್ಲವೆಂದಲ್ಲ. ಆದರೆ ಮೊಬೈಲು ಬರುವುದಕ್ಕೆ ಬಹಳ ಮೊದಲೇ ‘ಕಥೆಪುಸ್ತಕ ಓದುತ್ತಾ ಕಾಲ ಹಾಳುಮಾಡಬೇಡ’ ಎಂದು ಮನೆಮನೆಯಲ್ಲಿ ಗದರುತ್ತಿದ್ದವರು ನಾವೇ ಹಿರಿಯರು. ಶಾಲೆಯ ಗ್ರಂಥಾಲಯವೆಂಬುದು ಅನೇಕ ಕಡೆ ಮುಖ್ಯೋಪಾಧ್ಯಾಯರ ಕೊಠಡಿಯ ಒಂದು ಉಕ್ಕಿನ ಬೀರು, ಅದಕ್ಕೊಂದು ಬೀಗ. ಬೀಗ ಹಾಕಿದವರು ಕೆಟ್ಟವರಲ್ಲ. ಪುಸ್ತಕ ಕಳೆದರೆ ಅದರ ಬೆಲೆಯನ್ನು ಉಸ್ತುವಾರಿ ಹೊತ್ತ ಅಧ್ಯಾಪಕರೇ ತುಂಬಬೇಕೆಂಬ ಭಯವಿದ್ದಾಗ, ಪುಸ್ತಕವನ್ನು ಯಾರಿಗೂ ಕೊಡದಿರುವುದೇ ಸುರಕ್ಷಿತವೆನಿಸುತ್ತದೆ. ಹೊಸದಾಗಿಯೇ ಉಳಿದು ಗೆದ್ದಲಿಗೆ ಆಹಾರವಾಗುವ ಪುಸ್ತಕಕ್ಕಿಂತ, ಹತ್ತು ಕೈಗಳಲ್ಲಿ ಹರಿದು ಕಳೆದುಹೋದ ಪುಸ್ತಕವೇ ಸಾರ್ಥಕವಲ್ಲವೇ? ಪ್ರತಿವರ್ಷ ಕೆಲವು ಪುಸ್ತಕಗಳು ಕಳೆದುಹೋಗುವುದು ಸಹಜವೆಂದು ಒಪ್ಪಿ ಲೆಕ್ಕದಿಂದ ತೆಗೆದುಹಾಕುವ ಔದಾರ್ಯ ನಿಯಮಗಳಲ್ಲಿರಬೇಕು.

ಒಳ್ಳೆಯ ಕೆಲಸವೂ ನಡೆದಿದೆ. 2019ರಲ್ಲಿ ಗ್ರಾಮ ಪಂಚಾಯತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಸೇರಿದ ಮೇಲೆ, 2020ರ ನವೆಂಬರಿನಲ್ಲಿ ‘ಓದುವ ಬೆಳಕು’ ಎಂಬ ಕಾರ್ಯಕ್ರಮ ಆರಂಭವಾಗಿ ಹಳ್ಳಿಯ ಮಕ್ಕಳಿಗೆ ಉಚಿತ ಸದಸ್ಯತ್ವ ದೊರೆಯಿತು. ಸರ್ಕಾರಕ್ಕಾಗಿ ಕಾಯದವರೂ ಇದ್ದಾರೆ. ಹಿಂದೆ ಗಳಗನಾಥರು ಮಾಸ್ತರಿಕೆ ಮಾಡಿದವರು. ತಮ್ಮ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ನಮ್ಮ ಕಾಲದಲ್ಲಿ, ಹಿಂದೊಮ್ಮೆ ಬಸ್ ಕಂಡಕ್ಟರಾಗಿದ್ದ ಅಂಕೇಗೌಡರು ಪಾಂಡವಪುರ ತಾಲ್ಲೂಕಿನ ಹರಳಹಳ್ಳಿಯಲ್ಲಿ ಲಕ್ಷಾಂತರ ಪುಸ್ತಕಗಳನ್ನು ಕೂಡಿಟ್ಟು ‘ಪುಸ್ತಕ ಮನೆ’ಯನ್ನು ಕಟ್ಟಿದ್ದಾರೆ. ಇವರಾರೂ ಓದುಗರಿಗೆ ಪರೀಕ್ಷೆ ಇಟ್ಟವರಲ್ಲ.

ಪರೀಕ್ಷೆಯೇ ಬೇಡವೆಂದು ನಾನು ವಾದಿಸುತ್ತಿಲ್ಲ. ವ್ಯಾಕರಣ, ಛಂದಸ್ಸು, ಹಳಗನ್ನಡ ಪದ್ಯದ ಅರ್ಥ ಇವೆಲ್ಲ ಕ್ರಮವಾದ ಬೋಧನೆಯಿಂದ ಬರತಕ್ಕವು, ಅವನ್ನು ಪರೀಕ್ಷಿಸಲೇಬೇಕು. ನನ್ನ ಕೋರಿಕೆ ವಾರಕ್ಕೆ ಒಂದೇ ಒಂದು ಪೀರಿಯಡ್ಡಿನದು. ಆ ಅವಧಿಯಲ್ಲಿ ಬೀರುವಿನ ಬಾಗಿಲು ತೆರೆದಿರಲಿ. ಮಗು ತನಗೆ ಬೇಕಾದುದನ್ನು ತಾನೇ ಆರಿಸಿಕೊಳ್ಳಲಿ. ಹಿಡಿಸದಿದ್ದರೆ ಅರ್ಧಕ್ಕೇ ಬಿಡಲಿ. ಅಧ್ಯಾಪಕರೂ ಅಲ್ಲಿಯೇ ಕುಳಿತು ತಮ್ಮ ಪುಸ್ತಕವನ್ನು ಓದಲಿ. ಮೇಷ್ಟ್ರು ಓದುತ್ತಾ ತಮ್ಮಷ್ಟಕ್ಕೆ ನಗುವುದನ್ನು ಕಂಡ ಮಕ್ಕಳು ಆ ಪುಸ್ತಕ ಯಾವುದೆಂದು ಕೇಳದೆ ಇರಲಾರರು. ಆ ಅವಧಿಗೆ ಅಂಕವೂ ಬೇಡ, ವರದಿಯೂ ಬೇಡ. ‘ಪರೀಕ್ಷೆಯಿಲ್ಲದಿದ್ದರೆ ಮಕ್ಕಳು ಓದುತ್ತಾರೆಯೇ?’ ಎಂದು ಕೇಳುವವರಿದ್ದಾರೆ. ಯಾವ ಪರೀಕ್ಷೆಯೂ ಇಲ್ಲದೆ ಸುಡುಬಿಸಿಲಿನಲ್ಲಿ ಇಡೀ ದಿನ ಕ್ರಿಕೆಟ್ ಆಡುವವರು ಅದೇ ಮಕ್ಕಳಲ್ಲವೇ?

ಎಲ್ಲರೂ ಓದುಗರಾಗಿಬಿಡುತ್ತಾರೆಂಬ ಭ್ರಮೆ ನನಗಿಲ್ಲ. ನಲವತ್ತು ಮಕ್ಕಳಲ್ಲಿ ನಾಲ್ಕು ಮಂದಿಗೆ ಆ ರುಚಿ ಹತ್ತಿದರೂ ಸಾಕು. ಇಳಿವಯಸ್ಸಿನಲ್ಲಿ ಮಕ್ಕಳು ದೂರದೂರಿನಲ್ಲಿದ್ದು ಮನೆ ಮೌನವಾದಾಗ ಆ ನಾಲ್ವರು ಒಂಟಿಯಾಗುವುದಿಲ್ಲ. ಇದನ್ನು ನಾನು ದಿನವೂ ಅನುಭವಿಸುತ್ತಿರುವುದರಿಂದ ಧೈರ್ಯವಾಗಿ ಹೇಳಬಲ್ಲೆ.

ಶಾಲೆಗಳು ಬದಲಾಗಲು ಸಮಯ ಹಿಡಿಯಬಹುದು. ಮನೆಗಳಿಗೆ ಆ ಅಡ್ಡಿಯಿಲ್ಲ. ನಿಮ್ಮ ಮಗುವೋ ಮೊಮ್ಮಗುವೋ ಕಥೆಪುಸ್ತಕವನ್ನು ಓದಿ ಕೆಳಗಿಟ್ಟಾಗ ‘ಇದರಿಂದ ಏನು ಕಲಿತೆ?’ ಎಂದು ದಯವಿಟ್ಟು ಕೇಳಬೇಡಿ. ‘ಆಮೇಲೆ ಏನಾಯಿತು?’ ಎಂದು ಕೇಳಿ ನೋಡಿ.